ಇನ್ನೂರ ಹದಿಮೂರನೆಯವರು

ದೆವ್ವದ ಚಿತ್ರಗಳನ್ನು ಎಲ್ಲರಿಗಿಂತ ಮೊದಲು ನೋಡಿ, ಯಾವುದನ್ನು ಊರಿಗೆ ತರಿಸಬಹುದು, ಯಾವುದನ್ನು ತರಿಸಬಾರದು ಎಂದು ಹೇಳುವ ಕೆಲಸ ಹನ್ನೊಂದು ವರ್ಷ ನನ್ನದಾಗಿತ್ತು. ನಾನು ಸಾವಂತ್ರೆವ್ವ, ಹಿಟ್ಟಿನ ಗಿರಣಿಯವಳು. ಆ ಗಿರಣಿಯ ಗದ್ದಲದಲ್ಲಿ ಇಪ್ಪತ್ತು ವರ್ಷ ನಿಂತವಳಿಗೆ ಪರದೆಯ ಮೇಲೆ ಎಂಥ ಬಾಗಿಲು ಧಡಾರನೆ ಬಡಿದುಕೊಂಡರೂ ರೆಪ್ಪೆ ಅಲುಗುವುದಿಲ್ಲ ಎಂಬ ನಂಬಿಕೆಯಿಂದ ಪಂಚಾಯ್ತಿಯವರು ನನ್ನನ್ನು ಆರಿಸಿದ್ದರು. ನಂಬಿಕೆ ಸುಳ್ಳಾಗಿರಲಿಲ್ಲ.

ನಮ್ಮೂರಿನ ಟಾಕೀಸಿನಲ್ಲಿ ವಾರಕ್ಕೆ ಒಂದೇ ಆಟ, ಶುಕ್ರವಾರ ಮಧ್ಯಾಹ್ನ ಎರಡೂವರೆಗೆ. ಆಟ ಮುಗಿದ ಮೇಲೆ ಜನ ಮನೆಗೆ ಹೊರಡುತ್ತಾರೆ. ಚಿತ್ರದಲ್ಲಿದ್ದದ್ದೂ ಅವರ ಜೊತೆ ಹೊರಡುತ್ತದೆ. ಊರಿನಲ್ಲಿ ಒಂದು ವಾರ ಇದ್ದು, ಮುಂದಿನ ಶುಕ್ರವಾರ ಎರಡೂವರೆಗೆ ಸರಿಯಾಗಿ ಹೋಗುತ್ತದೆ. ಹಾಗಾಗಿ ಯಾವ ಚಿತ್ರ ತರಿಸಬೇಕು ಎನ್ನುವುದು ನಮಗೆ, ಮಗಳನ್ನು ಯಾವ ಮನೆಗೆ ಕೊಡಬೇಕು ಎನ್ನುವಷ್ಟೇ ದೊಡ್ಡ ವಿಚಾರ.

ಪ್ರತಿ ಮಂಗಳವಾರ ಬಸ್ಸು ಹತ್ತಿ ಆಚೆ ಊರಿಗೆ ಹೋಗಿ ಚಿತ್ರ ನೋಡುತ್ತಿದ್ದೆ. ಬುಧವಾರ ಚಾವಡಿಯಲ್ಲಿ ವರದಿ. ಚೇರ್ಮನ್ ಫಕೀರಗೌಡರು ಮೂರೇ ಪ್ರಶ್ನೆ ಕೇಳುತ್ತಿದ್ದರು. “ಏನ ಬರತೈತಿ? ಏನ ತಿಂತೈತಿ? ಹೆದರಿಕಿ ಆಗತೈತೋ ಇಲ್ಲೋ?”

ನಾನು ಹೇಳಿ ತರಿಸಿದವುಗಳಲ್ಲಿ ಕೆಲವನ್ನು ಜನ ಈಗಲೂ ನೆನೆಯುತ್ತಾರೆ. ‘ಒದ್ದೆ ಹೆಜ್ಜೆ’ಯಲ್ಲಿ ಬಾವಿಗೆ ಬಿದ್ದ ಮದುಮಗಳ ಹಸಿ ಹೆಜ್ಜೆಗಳು ಮನೆ, ಅಂಗಳವೆಲ್ಲ ಓಡಾಡುತ್ತಿದ್ದವು. ನಮ್ಮದು ಕಲ್ಲಿನ ಗಣಿಯ ಊರು, ಮೂಗಿನೊಳಗೂ ಧೂಳು. ಆ ಹೆಜ್ಜೆಗಳೇ ಧೂಳು ಅಡಗಿಸಿದ್ದರಿಂದ ವಾರವಿಡೀ ಯಾವ ಹೆಂಗಸೂ ಅಂಗಳಕ್ಕೆ ನೀರು ಚಿಮುಕಿಸಲಿಲ್ಲ. ‘ತೊಟ್ಟಿಲ ಗುನುಗು’ ಬಂದಾಗ ಹಾಡುವವರಿಲ್ಲದ ಜೋಗುಳ ಗಾಳಿಯಲ್ಲೇ ಕೇಳುತ್ತಿತ್ತು. ಕೂಸುಗಳು ಮಲಗಿದವು, ತಾಯಂದಿರು ಹರಸಿದರು. ಗಣಿಯಲ್ಲಿ ಗಂಡಸರು ಸುತ್ತಿಗೆ ಹಿಡಿದುಕೊಂಡೇ ಗೊರಕೆ ಹೊಡೆದರು. ‘ತಡವಾದ ಕನ್ನಡಿ’ ಮಾತ್ರ ಎಡವಟ್ಟಾಯಿತು. ಆ ಚಿತ್ರದಲ್ಲಿ ಕನ್ನಡಿಯೊಳಗಿನ ಬಿಂಬ ಒಂದು ಉಸಿರಿನಷ್ಟು ತಡವಾಗಿ ಅಲುಗುತ್ತದೆ. ಊರಿಗೆ ಒಬ್ಬನೇ ಕ್ಷೌರಿಕ ಯಮನಪ್ಪ, ಕನ್ನಡಿ ನೋಡಿಕೊಂಡೇ ಕತ್ತರಿ ಆಡಿಸುವವನು. ಚೇರ್ಮನ್ನರ ಎಡ ಮೀಸೆ ಹೋಯಿತು. ಅವರು ಆ ವಾರವೆಲ್ಲ ಹಲ್ಲುನೋವೆಂದು ಟವೆಲು ಸುತ್ತಿಕೊಂಡು ಓಡಾಡಿದರು.

ಬರಬರುತ್ತಾ ದೆವ್ವಗಳಿಗೂ ನಮಗೂ ಹೊಂದಿಕೆಯಾಗಿಬಿಟ್ಟಿತು. ಬಂದವಕ್ಕೆ ಹೋಳಿಗೆ ಎತ್ತಿಡುವವರು ಹುಟ್ಟಿಕೊಂಡರು. ಒಂದು ಬುಧವಾರ ಚೇರ್ಮನ್ನರು ತುಂಬಿದ ಚಾವಡಿಯಲ್ಲಿ ಅಂದೇಬಿಟ್ಟರು. “ಸಾವಂತ್ರೆವ್ವ, ನೀ ತರೂ ದೆವ್ವಗೋಳು ಬೀಗರಾಗ್ಯಾವ ನೋಡು. ಬರತಾವ, ಉಂತಾವ, ಹೋಗತಾವ. ನಮ್ಮ ಮೈಮ್ಯಾಲಿನ ಒಂದ ಕೂದಲರೆ ಎದ್ದ ನಿಂತೈತೇನು? ನಿನಗ ಹೆದರಿಕಿ ಅಂದ್ರ ಏನಂತ ಮರತ ಹೋಗೇತಿ.”

ಜನ ನಕ್ಕರು. ಆ ನಗೆ ನನಗೆ ನಾಟಿತು.

ಹೆದರಿಕೆ ಏನೆಂದು ನನಗೆ ಗೊತ್ತಿಲ್ಲವೇ? ಸದ್ದಿನಿಂದ ಹೆದರಿಸುವ ಚಿತ್ರಗಳನ್ನು ನಾನು ಮೊದಲೇ ಬದಿಗಿಡುತ್ತಿದ್ದೆ. ಬೆನ್ನ ಹಿಂದೆ ಬಂದು ಭೋ ಅಂದರೆ ಎಮ್ಮೆಯೂ ಬೆಚ್ಚುತ್ತದೆ, ಹಾಗಂತ ಎಮ್ಮೆ ನಿದ್ದೆಗೆಡುವುದಿಲ್ಲ. ಬೆಚ್ಚುವುದು ಬೇರೆ, ಹೆದರುವುದು ಬೇರೆ. ಈಚಿನ ಒಳ್ಳೆಯ ಚಿತ್ರಗಳಲ್ಲಿ ಮಾತಾಡುತ್ತಿದ್ದವರು ಎದ್ದು ಹೋದ ಮೇಲೂ ಕ್ಯಾಮೆರಾ ಕೋಣೆಯಲ್ಲೇ ನಿಂತಿರುತ್ತದೆ. ಒಂದು ಮಂಚ, ಒಂದು ಕಿಟಕಿ. ಏನೂ ಆಗುವುದಿಲ್ಲ. ಆದರೆ ಅದು ಯಾಕೆ ನಿಂತಿದೆ, ಯಾರಿಗೆ ಕಾಯುತ್ತಿದೆ ಎಂದು ನೋಡುವವನೇ ಕೇಳಿಕೊಳ್ಳಲು ಶುರು ಮಾಡುತ್ತಾನೆ. ಅಷ್ಟಾದರೆ ಚಿತ್ರದ ಕೆಲಸ ಅರ್ಧ ಮುಗಿದಂತೆ. ಉಳಿದದ್ದನ್ನು ಅವನ ಹೊಟ್ಟೆಯೇ ಮಾಡಿಕೊಳ್ಳುತ್ತದೆ. ಇದನ್ನೆಲ್ಲ ಚಾವಡಿಯಲ್ಲಿ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ತೋರಿಸುತ್ತೇನೆ ಇರಿ ಎಂದುಕೊಂಡೆ.

ಮುಂದಿನ ಮಂಗಳವಾರ ‘ಊಟಕ್ಕೆ ಎಷ್ಟು ಜನ’ ಎಂಬ ಚಿತ್ರ ನೋಡಿದೆ. ಒಂದು ಮನೆ. ತಾಯಿ ಐದು ತಟ್ಟೆ ಹಾಕುತ್ತಾಳೆ, ಊಟಕ್ಕೆ ಕೂರುವವರು ಆರು ಜನ. ಯಾರೂ ಹೊಸಬರಲ್ಲ, ಎಲ್ಲರೂ ಮನೆಯವರೇ. ಎಲ್ಲರಿಗೂ ಎಲ್ಲರ ಹುಟ್ಟು, ಬಾಲ್ಯ, ಜ್ವರ, ಜಗಳ ನೆನಪಿದೆ. ತಟ್ಟೆ ಮಾತ್ರ ಒಂದು ಕಡಿಮೆ. ಒಂದೂವರೆ ತಾಸು ಅವರು ಒಬ್ಬರನ್ನೊಬ್ಬರು ನೋಡುತ್ತಾ ಉಣ್ಣುತ್ತಾರೆ, ಅಷ್ಟೇ. ಕೊನೆಗೆ ಒಂದು ಬೆಳಿಗ್ಗೆ ಐದು ತಟ್ಟೆಗೆ ಐವರೇ ಕೂರುತ್ತಾರೆ. ತಾಯಿ ನೆಮ್ಮದಿಯಿಂದ ಬಡಿಸುತ್ತಾಳೆ. ಹೋದವರ ನೆನಪು ಯಾರಿಗೂ ಇಲ್ಲ. ಯಾರೂ ಅಳುವುದಿಲ್ಲ. ದೀಪ ಹತ್ತಿದ ಮೇಲೆ, ಆರನೆಯವರು ಯಾರಿದ್ದರು ಎಂದು ನೆನಪು ಮಾಡಿಕೊಳ್ಳಲು ಹೋದೆ. ಗಂಡಸೋ ಹೆಂಗಸೋ ಎಂಬುದೂ ನೆನಪಾಗಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಯ ತಟ್ಟೆಗಳನ್ನು ಎಣಿಸಿದೆ. ಇದನ್ನು ಯಾರಿಗೂ ಹೇಳಲಿಲ್ಲ.

“ಏನ ಬರತೈತಿ?” ಎಂದರು ಚೇರ್ಮನ್ನರು.

“ಅಂಥಾದ್ದೇನ ಬರೂದಿಲ್ರಿ. ಮನಿಯವರ ಇರತಾರ.”

“ಏನ ತಿಂತೈತಿ?”

“ಎಲ್ಲಾರ ಕೂಡ ಕುಂತು ಉಣತೈತಿ.”

“ಮತ್ತ ಹೆದರಿಕಿ ಎಲ್ಲೈತಿ?”

“ನೋಡ್ರಿ, ಗೊತ್ತಾಗತೈತಿ,” ಎಂದೆ. ಪೂರ್ತಿ ಹೇಳಿದ್ದರೆ ಅವರು ಬೇಡ ಅನ್ನುತ್ತಿದ್ದರು. ಹೇಳದಿದ್ದದ್ದು ನನ್ನ ತಪ್ಪು. ಅದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳುತ್ತಿದ್ದೇನೆ.

ಆಗ ನಮ್ಮೂರಿನ ಜನ ಇನ್ನೂರ ಹನ್ನೆರಡು, ಟಾಕೀಸಿನ ಕುರ್ಚಿಯೂ ಇನ್ನೂರ ಹನ್ನೆರಡು. ಕೂಸು ಹುಟ್ಟಿದರೆ ಬಡಿಗೇರ ಮೌನೇಶ ಒಂದು ಕುರ್ಚಿ ಮಾಡಿ ತಂದಿಡುತ್ತಾನೆ, ಯಾರಾದರೂ ಸತ್ತರೆ ಒಂದನ್ನು ಹೊರಗೆ ಒಯ್ಯುತ್ತಾನೆ. ಇಂಥವರಿಗೆ ಇಂಥದ್ದೇ ಎಂದಿಲ್ಲ, ಸಿಕ್ಕಿದ್ದರಲ್ಲಿ ಕೂರುವುದು. ಕೈಗೂಸಿಗೂ ತಾಯಿಯ ಪಕ್ಕ ಒಂದು ಕುರ್ಚಿ. ಆ ಶುಕ್ರವಾರ ಜನ ಆಕಳಿಸುತ್ತಾ ಚಿತ್ರ ನೋಡಿದರು. “ದೆವ್ವ ಊಟಾ ಮುಗಿಸಿ ಬರತೈತೇನೋ,” ಎಂದು ಯಮನಪ್ಪ ಕೂಗಿದಾಗ ಚೇರ್ಮನ್ನರು ಎಲ್ಲರಿಗಿಂತ ಜೋರಾಗಿ ನಕ್ಕರು. ಆಟ ಮುಗಿದ ಮೇಲೆ ಐದು ನಿಮಿಷ ಕೂತು, ಏನು ಬಂತೆಂದು ನೋಡಿಕೊಂಡು ಏಳುವುದು ನಮ್ಮ ವಾಡಿಕೆ. ದೀಪ ಹತ್ತಿತು. ಎಲ್ಲೂ ಏನೂ ಕಾಣಲಿಲ್ಲ. ಯಂತ್ರ ನಡೆಸುವ ಮಾಬುಸಾಬ ಮೇಲಿನ ಕೋಣೆಯಿಂದ ಇಳಿದು ಬಂದು, ಕೂರಲು ಜಾಗ ಹುಡುಕುತ್ತಾ ಸಾಲು ಸಾಲು ಸುತ್ತಿದ.

“ನನ್ನ ಕುರ್ಚಿ ಯಾರ ತಗೊಂಡೀರಪಾ?”

ಕುರ್ಚಿ ಎಣಿಸಿದರು. ಇನ್ನೂರ ಹನ್ನೆರಡು ಸರಿಯಾಗಿದ್ದವು. ತಲೆ ಎಣಿಸಿದರು. ಇನ್ನೂರ ಹದಿಮೂರು. ಮೂರು ಸಲ ಎಣಿಸಿದರೂ ಅಷ್ಟೇ. ಚೇರ್ಮನ್ನರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದರು. ಪ್ರತಿಯೊಬ್ಬರೂ ಓ ಅಂದರು. ಗುರುತಿಲ್ಲದ ಒಂದು ಮುಖವೂ ಅಲ್ಲಿರಲಿಲ್ಲ. ಯಾರೂ ಆಕಳಿಸಲಿಲ್ಲ. ಚೇರ್ಮನ್ನರ ತೋಳಿನ ಮೇಲೆ ಕೂದಲು ನೆಟ್ಟಗೆ ನಿಂತಿದ್ದನ್ನು ಎರಡು ಸಾಲು ಹಿಂದಿನಿಂದಲೇ ನಾನು ನೋಡಿದೆ. ಒಂದು ಗಳಿಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಶನಿವಾರ ಒಂಟಿಯಾಗಿ ಇರುವವರ ಮೇಲೆ ಗುಮಾನಿ ಬಂತು. ಹೆಂಡಿರು ಮಕ್ಕಳಿಲ್ಲದ ಯಮನಪ್ಪನ ಅಂಗಡಿಗೆ ಹೋಗಿ ಜನ ಅವನ ತೋಳು ಜಿಗುಟಿ ನೋಡಿದರು. ಅವನು ಸಿಟ್ಟಿನಿಂದ, ಯಾರ ತಲೆಯಲ್ಲಿ ಎಷ್ಟು ಸುಳಿ ಇವೆ ಎಂದು ಊರಿನವರೆಲ್ಲರದ್ದೂ ಹೇಳಿ ತೋರಿಸಿದ. “ಆ ನೆನಪೂ ಚಿತ್ರದ ಕೂಡ ಬಂದಿರಬೇಕು,” ಎಂದು ಯಾರೋ ಅಂದರು. ಹಳೆಯ ವೈರಿಗಳು ಒಬ್ಬರಿಗೊಬ್ಬರು ಸಾಕ್ಷಿಯಾಗಿ ನಿಂತರು. ಮೂವತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ಕೈಕೈ ಹಿಡಿದು ಚಾವಡಿಗೆ ಬಂದು, “ಮೂರನೇ ಈಯತ್ತಿನ್ಯಾಗ ನನ್ನ ಹಲ್ಲ ಮುರದಾಂವ ಇಂವನ. ಇಂವ ಖರೇ ಮನಿಷಾ,” ಎಂದು ಆಣೆ ಮಾಡಿದರು.

ಭಾನುವಾರದ ಹೊತ್ತಿಗೆ ಗುಮಾನಿ ಒಳ್ಳೆಯವರ ಕಡೆ ತಿರುಗಿತು. ಇಷ್ಟು ಒಳ್ಳೆಯವರು ನಮ್ಮೂರಿನಲ್ಲಿ ಹುಟ್ಟಿರಲು ಸಾಧ್ಯವೇ ಎಂದು ಜನ ಕೇಳಿದರು. ಅಂದಿನಿಂದ ಒಳ್ಳೆಯವರೆಲ್ಲ ಕೆಡತೊಡಗಿದರು. ಎಂದೂ ದನಿ ಎತ್ತದ ಮೇಷ್ಟ್ರು ಬೀದಿಯಲ್ಲಿ ನಿಂತು ಬೈದರು. ಮೌನೇಶ ಬೇಕೆಂದೇ ಒಂದು ಕಾಲು ಗಿಡ್ಡವಿರುವ ಮಂಚ ಮಾಡಿಕೊಟ್ಟ. ಅಕ್ಕಪಕ್ಕದವರ ಹಾಲು ಕದ್ದು ಕುಡಿದದ್ದನ್ನು ಹೆಂಗಸರು ತಾವಾಗಿಯೇ ಒಪ್ಪಿಕೊಂಡರು.

ಸೋಮವಾರ ಯಮನಪ್ಪ ಜೋಳ ಬೀಸಿಸಲು ಬಂದವನು ಗಿರಣಿಯ ಗದ್ದಲದ ನಡುವೆ ನನ್ನ ಕಿವಿಯ ಹತ್ತಿರ ಬಂದ. “ಅಕ್ಕಾ, ತಪ್ಪ ತಿಳೀಬ್ಯಾಡ. ನಿಮ್ಮ ಮನಿಯವರು ಸಿಟ್ಟಾಗಿದ್ದ ಯಾರರೆ ನೋಡ್ಯಾರೇನು?”

ನನ್ನ ಗಂಡ ಗುರುಪಾದ ಊರಿಗೆ ನೀರು ಬಿಡುವವನು. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಓಣಿ ಓಣಿಗೆ ವಾಲ್ವ್ ತಿರುಗಿಸುತ್ತಾನೆ. ನೀರು ಕಡಿಮೆಯಾದರೂ ಬೈಗುಳ, ಹೆಚ್ಚಾದರೂ ಬೈಗುಳ. ಅವನು ಎಲ್ಲದಕ್ಕೂ ತಲೆ ಆಡಿಸಿ ಮುಂದಿನ ಓಣಿಗೆ ಹೋಗುತ್ತಾನೆ. ಮದುವೆಯಾಗಿ ಹತ್ತೊಂಬತ್ತು ವರ್ಷ, ನನ್ನ ಮೇಲೆ ಒಂದು ಸಲವೂ ರೇಗಿದವನಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಯಮನಪ್ಪ ಹೋದ ಮೇಲೆ ಆ ಹೆಮ್ಮೆ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ನನಗೆ ಇಂಥ ಗಂಡ ಹೇಗೆ ಸಿಕ್ಕ? ನಿಜವಾಗಿ ಸಿಕ್ಕನೋ, ಹೋದ ಶುಕ್ರವಾರ ಸಿಕ್ಕನೋ?

ಅವನಿಗೆ ಸಿಟ್ಟು ಬರಿಸಲು ಹೊರಟೆ. ಸಾರಿಗೆ ಮೂರು ಸಲ ಉಪ್ಪು ಹಾಕಿದೆ. ಉಂಡು, ಒಂದು ತಂಬಿಗೆ ನೀರು ಕುಡಿದು, “ಇವತ್ತ ಬಿಸಲ ಭಾಳ ಐತಿ, ಉಪ್ಪ ಬೇಕ ಮೈಗೆ,” ಎಂದ. ವಾಲ್ವಿನ ಕೀಲಿ ಬಚ್ಚಿಟ್ಟೆ. ಮೌನೇಶನ ಹತ್ತಿರ ಕಟ್ಟಿಗೆಯದ್ದೊಂದು ಮಾಡಿಸಿಕೊಂಡು ಬಂದ. ಬುಧವಾರ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತು ಕೂಗಿದೆ.

“ಒಮ್ಮೆರೆ ಬೈ ನನ್ನ! ನಿನ್ನ ಕೈ ಮುಗೀತೀನಿ. ನೀ ಖರೇ ಇದ್ದೀಯೋ ಇಲ್ಲೋ ನನಗ ತಿಳೀಬೇಕು!”

ಅವನು ರೊಟ್ಟಿ ಕೆಳಗಿಟ್ಟ. “ನಾ ಅದನ್ನ ನಿನಗ ಕೇಳಬೇಕಂತ ಐದ ದಿನದಿಂದ ಮಾಡಾಕತ್ತೇನಿ,” ಎಂದ.

“ನನಗ?”

“ಯಾವದಕ್ಕೂ ಅಂಜದ ಮನಿಷ್ಯಾರು ಎಲ್ಲಿರತಾರ, ಸಾವಂತ್ರಿ? ಚಾವಡ್ಯಾಗ ನಿನ್ನ ಹೆಸರ ಎದ್ದಿತ್ತು. ನಾನ ಮುಚ್ಚಿ ಹಾಕೇನಿ.”

“ಏನಂತ?”

ಅವನು ನೆಲ ನೋಡಿದ. “ಹಲ್ಲಿ ಕಂಡ್ರ ಕಿರಚಿ ಮಂಚ ಹತ್ತತಾಳ ಅಂದೆ. ಗುಡುಗಿದ್ರ ನನ್ನ ಧೋತ್ರ ಹಿಡಕೊಂಡು ಅಳತಾಳ ಅಂದೆ.”

“ಹಲ್ಲಿ? ನಾನು?” ಹನ್ನೊಂದು ವರ್ಷದ ನನ್ನ ಹೆಸರನ್ನು ಇವನು ಒಂದು ಹಲ್ಲಿಗೆ ತಿನ್ನಿಸಿದ್ದ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನೂ ಸುಮ್ಮನಿರಲಿಲ್ಲ. “ಮತ್ತ ಏನ ಮಾಡ್ಲಿ? ನಿನ್ನ ಹಿಡಕೊಂಡ ಹೋಗ್ರಿ ಅಂತ ಕೊಡ್ಲೇನು? ಆ ಸುಡಗಾಡ ಚಿತ್ರಾ ತಂದಾಕಿ ನೀನ!” ಎಂದು ಕೂಗಿದ. ಕೂಗಿದ ಮೇಲೆ ತಾನೇ ಬೆಚ್ಚಿದ. ಆಚೆ ಮನೆಯವರು ಗೋಡೆಯ ಮೇಲಿಂದ ಇಣುಕಿ, ಸದ್ಯ ಇಬ್ಬರೂ ಖರೇ ಮನುಷ್ಯರೇ ಎಂಬಂತೆ ತಲೆ ಆಡಿಸಿ ಇಳಿದರು.

ಆಮೇಲೆ ನಾನು ಅವನ ಪಕ್ಕ ಕೂತು, ಆ ಮಂಗಳವಾರ ಮನೆಗೆ ಬಂದು ತಟ್ಟೆ ಎಣಿಸಿದ್ದನ್ನು ಹೇಳಿದೆ. ಹೆದರಿದ್ದೆ ಎಂದು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವನು ಕೇಳಿದ, “ಎಷ್ಟ ಇದ್ದೂ?” “ಏಳು,” ಎಂದೆ. “ನಮ್ಮ ಮನಿಯಾಗ ಇರೂದ ಏಳ ತಟ್ಟಿ,” ಎಂದ. ಇಬ್ಬರಿಗೂ ಸ್ವಲ್ಪ ಸಮಾಧಾನವಾಯಿತು. ಅದರಿಂದ ಏನು ಗೊತ್ತಾದಂತಾಯಿತು ಎಂದು ಕೇಳಬೇಡಿ.

ಗುರುವಾರ ಇಡೀ ಊರು ಟಾಕೀಸಿನಲ್ಲಿ ಸೇರಿತು. ನಿಂತುಕೊಳ್ಳುವ ಪಾಳಿ ತಮಗೆ ಬರದಿರಲೆಂದು ಜನ ಮುಂಜಾನೆಯಿಂದಲೇ ಬಂದು ಕೂತಿದ್ದರು. ಹಾಗಾಗಿ ಕೊನೆಗೆ ಬಂದ ಚೇರ್ಮನ್ನರಿಗೇ ಕುರ್ಚಿ ಸಿಗಲಿಲ್ಲ. ಅವರು ಅದನ್ನು ಬೇಕೆಂದೇ ಮಾಡಿದಂತೆ ಪರದೆಯ ಮುಂದೆ ನಿಂತು ಮಾತಾಡಿದರು.

“ಹುಡುಕೂದ ಬಿಡ್ರಿ. ನಾಳೆ ಎರಡೂವರಿಗೆ ಅದ ತಾನ ಹೋಗತೈತಿ. ಹೋದದ್ದು ಯಾರಂತ ನಮಗ ನೆನಪೂ ಇರೂದಿಲ್ಲ. ಅಳೂದೂ ಇಲ್ಲ, ದುಃಖಾನೂ ಇಲ್ಲ. ಮತ್ತ ಇನ್ನೂರ ಹನ್ನೆರಡ ಆಗತೀವಿ. ಇದರಾಗ ತೊಂದರಿ ಏನೈತಿ?”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಮೈ ಜುಮ್ಮೆಂದಿತು. ಆ ಚಿತ್ರದ ಹೆದರಿಕೆ ಪೂರ್ತಿಯಾಗಿ ನನಗೆ ತಿಳಿದದ್ದು ಆಗ. ದೆವ್ವ ಬರುವುದು ಹೆದರಿಕೆಯಲ್ಲ. ಪಕ್ಕದಲ್ಲಿದ್ದವರು ಇಲ್ಲವಾದಾಗ ನಮಗೆ ಏನೂ ಅನ್ನಿಸದೆ ಹೋಗುವುದಿದೆಯಲ್ಲ, ಅದು.

ಆಗ ಹಿಂದಿನ ಸಾಲಿನಿಂದ ಕಸ್ತೂರೆವ್ವ ಎದ್ದಳು. ಗಣಿಯಲ್ಲಿ ಜಲ್ಲಿ ಒಡೆಯುವವಳು, ಮೆಲುದನಿಯವಳು. ಅವಳ ಪಕ್ಕದ ಕುರ್ಚಿಯಲ್ಲಿ ಮೂರು ತಿಂಗಳ ಹೆಣ್ಣು ಕೂಸು ಮಲಗಿತ್ತು.

“ಗೌಡ್ರ, ಅದು ನನ್ನ ಕೂಸ ಆಗಿದ್ರ?”

“ಏ ತಂಗಿ, ಹಂಗ್ಯಾಕ ಆಗತೈತಿ? ಇದರ ಕುರ್ಚಿ ಮೌನೇಶ ಮಾಡ್ಯಾನಲ್ಲ?”

ಮೌನೇಶ ಹೌದೆಂದ. ಆದರೆ ಅವನ ದನಿಯಲ್ಲಿ ಗಟ್ಟಿತನವಿರಲಿಲ್ಲ, ನೆನಪನ್ನು ನಂಬುವ ವಾರ ಅದಾಗಿರಲಿಲ್ಲ.

“ಹಡದ ಬ್ಯಾನಿ ನನಗ ನೆನಪೈತಿ,” ಎಂದಳು ಕಸ್ತೂರೆವ್ವ. “ಎರಡ ದಿನ ಒದ್ದಾಡೇನಿ. ಅದೂ ಚಿತ್ರದ್ದ ಅಂತೀರಿ? ಅಂದ್ರ ಅನ್ರಿ. ನಾಳೆ ಎರಡೂವರಿಗೆ ನನ್ನ ಮಡಲ ಖಾಲಿ ಆಗತೈತಿ, ನಾ ಹಾಲ ತುಂಬಿದ ಎದಿ ಹಿಡಕೊಂಡು ಯಾಕ ಹಿಂಗಾತು ಅಂತ ಗೊತ್ತಿಲ್ಲದ ಜಲ್ಲಿ ಒಡ್ಯಾಕ ಹೋಗತೀನಿ. ಅದ ನಿಮಗ ಒಪ್ಪಿಗೀನೇನು?”

ಸಾಲಿನಲ್ಲಿದ್ದವರೆಲ್ಲ ತಮ್ಮ ಪಕ್ಕದವರ ಕೈ ಹಿಡಿದದ್ದು ನನಗೆ ಕಂಡಿತು. ಗುರುಪಾದನ ಕೈ ನನ್ನ ಕೈಯಲ್ಲಿತ್ತು. ಯಾವಾಗ ಬಂತೋ ಗೊತ್ತಿಲ್ಲ.

“ಒಂದ ಹಾದಿ ಐತಿ,” ಎಂದ ಮಾಬುಸಾಬ, ಕುರ್ಚಿಯಿಂದ ಎದ್ದು. “ಹ್ವಾದ ಬ್ಯಾಸಗ್ಯಾಗ ಒದ್ದಿ ಹೆಜ್ಜಿ ಬೇಕಂತ ಎರಡ ವಾರ ಅದ ಚಿತ್ರಾ ಹಾಕಿದ್ವಿ. ಎರಡನೇ ಶುಕ್ರವಾರ ಎರಡೂವರಿ ಒಳಗ ಆಟ ಚಾಲೂ ಮಾಡಿದೆ ನೋಡ್ರಿ, ಹೆಜ್ಜಿ ಹೋಗಲಿಲ್ಲ. ಅಲ್ಲೇ ಇದ್ದೂ. ಇದನ್ನೂ ಮತ್ತ ಹಾಕೂಣು.”

“ಎಷ್ಟ ವಾರ?” ಎಂದರು ಚೇರ್ಮನ್ನರು.

ಕಸ್ತೂರೆವ್ವ ಕೂಸಿನ ಟೊಪ್ಪಿಗೆ ಸರಿ ಮಾಡುತ್ತಾ ಅಂದಳು, “ಹಾಕಿದಷ್ಟ ವಾರ.”

ಶುಕ್ರವಾರ ಮುಂಜಾನೆ ಮೌನೇಶ ಹೊಸ ಕುರ್ಚಿಯೊಂದನ್ನು ತಂದು, ಯಾರಿಗೂ ಕಾಣದ ಹಾಗೆ ಹಳೆಯವುಗಳ ನಡುವೆ ಸೇರಿಸಿಬಿಟ್ಟ. ಅದರಲ್ಲಿ ಯಾರು ಕೂತರೆಂದು ಅವನಿಗೂ ಗೊತ್ತಿಲ್ಲ.

ಏಳು ತಿಂಗಳು ನಮ್ಮೂರಿನಲ್ಲಿ ಬೇರೆ ಚಿತ್ರ ಬರಲಿಲ್ಲ. ಪ್ರತಿ ಶುಕ್ರವಾರ ಅದೇ ಮನೆ, ಅದೇ ತಟ್ಟೆ, ಅದೇ ಬದನೆಕಾಯಿ ಪಲ್ಯ. ನನ್ನ ಕೆಲಸ ಹೋಯಿತು. ಮಂಗಳವಾರಗಳಂದು ಗಿರಣಿಯಲ್ಲೇ ಇರತೊಡಗಿದೆ. ಮಕ್ಕಳು ಆ ಮಾತುಗಳನ್ನು ಹೇಳಿಕೊಂಡು ಆಡಿದರು. ಗಂಡಂದಿರು ಊಟಕ್ಕೆ ಕೂರುವಾಗ ಚಿತ್ರದ ತಂದೆಯ ಹಾಗೆ ಕೆಮ್ಮಿದರು. ಜನ ಬೇಸತ್ತು ನನ್ನನ್ನು ಬೈದರು, ಆದರೆ ಶುಕ್ರವಾರ ಎರಡು ಗಂಟೆಗೆಲ್ಲ ಜ್ವರವಿದ್ದವರೂ ಕಂಬಳಿ ಹೊದ್ದು ಬಂದು ಕೂರುತ್ತಿದ್ದರು. ಬದನೆಕಾಯಿಯನ್ನು ಮಾತ್ರ ಊರು ಬಿಟ್ಟುಬಿಟ್ಟಿತು.

ಎಂಟನೆಯ ತಿಂಗಳ ಮೊದಲ ಶುಕ್ರವಾರ ಎರಡು ಗಂಟೆಗೆ ಊರ ಹೊರಗಿನ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಮಾಬುಸಾಬ ಮೇಲಿನ ಕಿಂಡಿಯಿಂದ ತಲೆ ಹಾಕಿ, “ಕರೆಂಟ ಇಲ್ಲ!” ಎಂದ. ಚೇರ್ಮನ್ನರು ಹೊರಗೆ ಓಡಿ, ಆ ಸುಟ್ಟ ಡಬ್ಬಿಯನ್ನೇ ಬೈಯುತ್ತಾ ನಿಂತರು. ಎರಡು ಹತ್ತಾಯಿತು. ಎರಡೂಕಾಲಾಯಿತು. ಹೆಂಗಸರು ಅಳತೊಡಗಿದರು. ಯಮನಪ್ಪ ಮನೆಮನೆಯವರನ್ನು ನೋಡಿ, “ಹೋಗಿ ಬರತೀನ್ರಪಾ, ನಾನ ಇದ್ರ ಇರಬೌದು,” ಎಂದು ಸುಮ್ಮಸುಮ್ಮನೆ ಎಲ್ಲರ ಕಾಲು ಮುಟ್ಟಿದ.

ನನಗೆ ಹೊಳೆದದ್ದು ಆಗ. “ಚಿತ್ರಾ ಬಾಯಿಪಾಠ ಆಗೇತಲ್ರಿ ಎಲ್ಲಾರಿಗೂ! ನಾವ ಮಾಡೂಣು!”

ಪರದೆಯ ಮುಂದೆ ಕಂಬಳಿ ಹಾಸಿದೆವು. ತಟ್ಟೆಗಳ ಬದಲಿಗೆ ಚಹಾದ ಅಂಗಡಿಯಿಂದ ಐದು ಬಸಿ ಬಂದವು. ತಾಯಿಯಾಗಿ ಕಸ್ತೂರೆವ್ವ ತಾನೇ ಬಂದಳು. ತಂದೆ ಯಮನಪ್ಪ. ಅಜ್ಜಿ ನಾನು. ಇಬ್ಬರು ಮಕ್ಕಳಾಗಿ, ಬೇರೆ ಯಾರೂ ಎದ್ದು ಬರದ್ದರಿಂದ, ಐವತ್ತು ದಾಟಿದ ಮೌನೇಶ ಮತ್ತು ಅವನಿಗಿಂತ ದೊಡ್ಡವನಾದ ಮಾಬುಸಾಬ. ಆಮೇಲೆ ಕೈ ನಿಂತಿತು. ಏಳು ತಿಂಗಳು ನೋಡಿದ್ದರೂ ಆರನೆಯವರ ಒಂದು ಮಾತೂ ಯಾರಿಗೂ ಬರುತ್ತಿರಲಿಲ್ಲ. ಅಂಥದ್ದೊಂದು ಪಾತ್ರ ಹೇಗಿತ್ತೆಂದು ಹೇಳುವವರೇ ಇರಲಿಲ್ಲ. ಅಲ್ಲದೆ ಆ ಜಾಗದಲ್ಲಿ ಕೂರಲು ಯಾರಿಗೆ ಧೈರ್ಯ? ಎರಡು ಇಪ್ಪತ್ತೇಳು.

“ನನಗ ಮಾತ ಬ್ಯಾಡ. ನಾ ಸುಮ್ಮ ಕುಂಡರತೀನಿ,” ಎಂದು ಗುರುಪಾದ ಬಂದು ಕಂಬಳಿಯ ತುದಿಯಲ್ಲಿ ಕೂತ.

ಕಸ್ತೂರೆವ್ವ ಅಡುಗೆಮನೆಯಿಂದ ಬಂದಂತೆ ಸೆರಗಿಗೆ ಕೈ ಒರೆಸಿಕೊಂಡು, “ಊಟಕ್ಕ ಎಷ್ಟ ಮಂದಿ?” ಎಂದಳು. ಆಟ ಶುರುವಾಯಿತು.

ಮೌನೇಶ ಮತ್ತು ಮಾಬುಸಾಬ ಒಬ್ಬರ ಜುಟ್ಟು ಒಬ್ಬರು ಹಿಡಿದು ಅತ್ತರು. ಯಮನಪ್ಪ ಮೀಸೆಯಿಲ್ಲದ ಮೂತಿಯ ಮೇಲೆ ಮೀಸೆ ತಿರುವಿದ. ಜನ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು, ಮರೆತಲ್ಲಿ ಕೂತಲ್ಲಿಂದಲೇ ಮಾತು ಎತ್ತಿಕೊಟ್ಟರು. ಗುರುಪಾದ ಮಾತಿಲ್ಲದೆ ಕೂತಿದ್ದ. ಯಾರು ಏನು ಅಂದರೂ ತಲೆ ಆಡಿಸುತ್ತಿದ್ದ. ನೋಡನೋಡುತ್ತಾ ನಗೆ ಕಡಿಮೆಯಾಯಿತು. ಕೊನೆಯ ಬೆಳಗಿನ ಊಟ ಬಂತು. ಕಸ್ತೂರೆವ್ವ ಐದು ಬಸಿ ಇಟ್ಟಳು. ಐವರು ಕೂರಬೇಕು. ಗುರುಪಾದನಿಗೆ ತನ್ನ ಕೆಲಸ ಗೊತ್ತಿತ್ತು. ಸದ್ದು ಮಾಡದೆ ಎದ್ದ. ಚಪ್ಪಲಿ ಹಾಕಿಕೊಳ್ಳದೆ, ಹಿಂದೆ ತಿರುಗಿ ನೋಡದೆ ಬಾಗಿಲ ಕಡೆ ನಡೆದ. ಅವನು ಹೊಸ್ತಿಲು ದಾಟಿದರೆ ಅವನ ಹೆಸರು ನನ್ನ ಬಾಯಿಂದ ಹೋಗಿಬಿಡುತ್ತದೆ ಎನ್ನಿಸಿ, ಗುರುಪಾದ ಗುರುಪಾದ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ.

“ಎಲ್ಲಿ ಹೊಂಟೀರಿ?”

ಕಸ್ತೂರೆವ್ವನ ದನಿ. ಅದು ಚಿತ್ರದಲ್ಲಿಲ್ಲದ ಮಾತು.

ಗುರುಪಾದ ನಿಂತ. “ಬಸಿ ಐದ ಅದಾವಲ್ಲವಾ,” ಎಂದ.

“ಬಸಿ ಕಡಿಮಿ ಅದಾವು, ಮಂದಿ ಹೆಚ್ಚಾಗಿಲ್ಲ. ಬರ್ರಿ, ಕುಂಡ್ರಿ.” ಅವಳು ಚಹಾದ ಕೆಟಲಿನ ಮುಚ್ಚಳ ತೆಗೆದು ಆರನೆಯದಾಗಿ ಇಟ್ಟಳು. “ಉಂಡ ಹೋಗ್ರಿ. ಹೋಗೂದ ಏನೈತಿ, ಉಂಡ ಇಲ್ಲೇ ಇರ್ರಿ.”

ಅವನು ಬಂದು ಕೂತ. ನಾವು ಆರು ಜನ ಇಲ್ಲದ ಊಟವನ್ನು ಉಂಡೆವು. ಟಾಕೀಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಚಿತ್ರವನ್ನು ಹೀಗೆ ತಿದ್ದಿದರೆ ಏನಾಗುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ವಾರ ಎಲ್ಲರೂ ಇದ್ದರು. ಮೂರನೆಯ ದಿನಕ್ಕೆ ಕರೆಂಟು ಬಂತು. ಆದರೆ ಮುಂದಿನ ಶುಕ್ರವಾರ ಮಾಬುಸಾಬ ಯಂತ್ರದ ಹತ್ತಿರ ಹೋಗಲು ಎದ್ದಾಗ ಜನ ಅವನನ್ನು ಅಂಗಿ ಹಿಡಿದು ಕೂರಿಸಿದರು. ಯಾರಿಗೂ ಚಿತ್ರ ಬೇಕಾಗಿರಲಿಲ್ಲ, ಆಟ ಬೇಕಾಗಿತ್ತು.

“ಹೋದ ವಾರ ನಾ ಒಳಗ ಇದ್ದಿಲ್ಲ,” ಎಂದರು ಚೇರ್ಮನ್ನರು ಪರದೆಯ ಮುಂದೆ ಬಂದು. “ಅಪ್ಪನ ಪಾತ್ರ ನನಗ ಬಿಡ್ರಿ. ಮೀಸಿ ನನಗೈತಿ.”

“ಮೀಸಿ ಇದ್ರ ಆತೇನ್ರಿ? ಕೆಮ್ಮಾಕ ಬರತೈತೇನು?” ಎಂದ ಯಮನಪ್ಪ, ಕಂಬಳಿಯ ಮೇಲಿಂದ ಕದಲದೆ.

ಚೇರ್ಮನ್ನರು ಕೆಮ್ಮಿ ತೋರಿಸಿದರು. ಇದು ಅಪ್ಪನ ಕೆಮ್ಮಲ್ಲ, ನೆಗಡಿಯ ಕೆಮ್ಮು ಎಂದು ಅರ್ಧ ಊರು ಅಂದಿತು. ಮೇಷ್ಟ್ರು ತಮಗೆ ಅಜ್ಜಿಯ ಪಾತ್ರ ಬೇಕೆಂದರು. ನನಗೆ ಮೈ ಉರಿಯಿತು. ಮಕ್ಕಳು ಮಕ್ಕಳ ಪಾತ್ರ ತಮ್ಮದೆಂದು ಮೌನೇಶನ ಕಾಲು ಎಳೆದವು. ಆರನೆಯವರ ಜಾಗಕ್ಕಂತೂ ಹದಿನೆಂಟು ಜನ ಎದ್ದು ನಿಂತಿದ್ದರು. ನಾನು ಮೇಷ್ಟ್ರಿಗೆ, ಯಮನಪ್ಪ ಚೇರ್ಮನ್ನರಿಗೆ, ಕಸ್ತೂರೆವ್ವ ಎಲ್ಲರಿಗೂ ಕೂಗುತ್ತಿದ್ದೆವು. ಅವಳ ಕೂಸು ಈಗ ಅಂಬೆಗಾಲಿಡುತ್ತಾ ಕುರ್ಚಿಗಳ ಕೆಳಗೆಲ್ಲ ಸುತ್ತುತ್ತಿತ್ತು.

“ಏ,” ಎಂದ ಗುರುಪಾದ. ಅವನ ದನಿ ಯಾರಿಗೂ ಕೇಳಲಿಲ್ಲ. “ಏ, ಗಡಿಯಾರ ನೋಡ್ರಿ.”

ಮೂರು ಗಂಟೆಗೆ ಐದು ನಿಮಿಷವಿತ್ತು. ಪರದೆ ಬಿಳಿಯದಾಗಿಯೇ ಇತ್ತು. ಕಂಬಳಿಯ ಮೇಲೆ ಒಂದು ಬಸಿಯನ್ನೂ ಯಾರೂ ಇಟ್ಟಿರಲಿಲ್ಲ.

ಎಲ್ಲರೂ ಕೈಗೆ ಸಿಕ್ಕ ಕುರ್ಚಿಗೆ ಓಡಿ ಕೂತೆವು. ಕಸ್ತೂರೆವ್ವ ಕುರ್ಚಿಗಳ ಕೆಳಗೆ ಬಗ್ಗಿ, ಕೂಸಿನ ಕಾಲು ಹಿಡಿದು ಎಳೆದು, ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಚೇರ್ಮನ್ನರು ಬೆರಳು ಚಾಚಿ ಒಂದೊಂದೇ ಸಾಲು ಎಣಿಸುತ್ತಾ ಹೋದರು. ಕೊನೆಯ ಸಾಲೂ ಮುಗಿಯಿತು. ಖಾಲಿ ಕುರ್ಚಿ ಎಲ್ಲೂ ಇರಲಿಲ್ಲ, ಅವರದೊಂದನ್ನು ಬಿಟ್ಟು. ಅವರು ಹೋಗಿ ಅದರಲ್ಲಿ ಮೆಲ್ಲಗೆ ಕೂತರು.

ಇನ್ನೂರ ಹದಿಮೂರು ಜನವೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊರಗೆ ಗಣಿಯ ಕಡೆಯಿಂದ ಗಾಳಿ ಬೀಸಿ ತಗಡಿನ ಮೇಲೆ ಧೂಳು ಸುರಿಯಿತು.

“ಹಂಗಾರ ಇನ್ನ ಅವಸರಿಲ್ಲ,” ಎಂದರು ಚೇರ್ಮನ್ನರು ಕೊನೆಗೆ. “ನಿಧಾನಕ್ಕ ಮಾಡೂಣು. ಅಪ್ಪನ ಪಾತ್ರ ನಂದ.”

ಯಮನಪ್ಪ ಎದ್ದು ನಿಂತ.